ಹೂಕಣಿವೆಗೆ ಹೋದರೆ ಹೂವಿನ ಬೆನ್ನನ್ನೂ ನೋಡಿ

ಜುಲೈ ಬಂತೆಂದರೆ ನನ್ನ ವಾಟ್ಸಾಪಿಗೆ ಹಳದಿ ಹೂಗಳ ಫೋಟೋ ಬರಲು ಶುರುವಾಗುತ್ತದೆ. ಕಳಿಸುವವರು ನನ್ನ ಹಳೆಯ ವಿದ್ಯಾರ್ಥಿಗಳು, ಅವರ ಸ್ನೇಹಿತರು, ಕೆಲವೊಮ್ಮೆ ಅವರ ಅಪ್ಪ ಅಮ್ಮಂದಿರು. ಎಲ್ಲರೂ ಉತ್ತರಾಖಂಡದ ಹೂಕಣಿವೆಗೆ ಚಾರಣ ಹೋದವರು. "ಮೇಡಂ, ಇದು ಯಾವ ಹೂ?" ಎಂಬ ಒಂದೇ ಸಾಲು. ಫೋಟೋ ಚೆಂದವೇ ಇರುತ್ತದೆ, ದಳದ ಮೇಲಿನ ಮಳೆಹನಿ ಕೂಡ ಕಾಣುತ್ತದೆ. ಆದರೆ ಹೂವಿನ ಮುಖ ಬಿಟ್ಟರೆ ಅದರಲ್ಲಿ ಇನ್ನೇನೂ ಇರುವುದಿಲ್ಲ. ಐದು ಹಳದಿ ದಳ, ನಡುವೆ ಒಂದಿಷ್ಟು ಕೇಸರ. ಅಷ್ಟನ್ನೇ ನೋಡಿ ಹೆಸರು ಹೇಳುವುದು ಕಷ್ಟ, ಹೇಳಿದರೂ ಅದು ಊಹೆ. ಆ ಕಣಿವೆಯ ಒಂದೇ ಇಳಿಜಾರಿನಲ್ಲಿ ಅಂಥ ಹಳದಿ ಹೂ ಬಿಡುವ ಗಿಡಗಳು ನಾಲ್ಕಾರು ಬಗೆಯವಿವೆ.

ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು ಇಲ್ಲಿ ಒಟ್ಟಿಗೇ ಬರೆಯುತ್ತಿದ್ದೇನೆ. ಸಾಗರದ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಘಟ್ಟದ ಗಿಡಗಳ ಸಹವಾಸ ಮೊದಲಿನಿಂದಲೂ ಇತ್ತು, ಹಿಮಾಲಯದ ಹೂಗಳ ಹುಚ್ಚು ನಿವೃತ್ತಿಯ ನಂತರ ಹತ್ತಿದ್ದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳು ರಜೆ ಹೊಂದಿಸಿಕೊಂಡು ಜೊತೆಗೆ ಬರುತ್ತಾಳೆ. ಅವಳ ಹೆಗಲಲ್ಲಿ ಕ್ಯಾಮೆರಾ, ನನ್ನ ಜೇಬಿನಲ್ಲಿ ಭೂತಗನ್ನಡಿ. ಅದರ ಜೊತೆಗೆ ಹಲ್ಲಿನ ಡಾಕ್ಟರು ಬಾಯೊಳಗೆ ಹಿಡಿಯುವಂಥ ಉದ್ದ ಹಿಡಿಯ ಪುಟ್ಟ ಕನ್ನಡಿ. ಹೂವನ್ನು ಮುಟ್ಟದೆ, ತಿರುಚದೆ, ಕೀಳದೆ ಅದರ ಬೆನ್ನು ನೋಡಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಎಸಳನ್ನೂ ಕೀಳುವ ಹಾಗಿಲ್ಲ, ಕೀಳಲೂಬಾರದು.

ಜಾಗದ ಬಗ್ಗೆ ಎರಡು ಮಾತು. ಹೂಕಣಿವೆ ಇರುವುದು ಚಮೋಲಿ ಜಿಲ್ಲೆಯಲ್ಲಿ, ಪುಷ್ಪಾವತಿ ನದಿಯ ದಂಡೆಯಲ್ಲಿ. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿಸ್ತೀರ್ಣ 87.5 ಚದರ ಕಿಲೋಮೀಟರ್. ಗೋವಿಂದಘಾಟ್‌ವರೆಗೆ ಬಸ್ಸು, ಅಲ್ಲಿಂದ ಪುಲ್ನಾದವರೆಗೆ ಜೀಪು, ಆಮೇಲೆ ಘಾಂಘರಿಯಾಕ್ಕೆ ನಡಿಗೆ. ಕಣಿವೆಯೊಳಗೆ ರಾತ್ರಿ ತಂಗಲು ಬಿಡುವುದಿಲ್ಲ, ದಿನವೂ ಘಾಂಘರಿಯಾದಿಂದ ಹೋಗಿ ಬರಬೇಕು. 1931ರಲ್ಲಿ ಕಾಮೆಟ್ ಶಿಖರ ಏರಿ ಹಿಂತಿರುಗುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಮತ್ತು ಸಂಗಡಿಗರು ಇಲ್ಲಿಗೆ ಬಂದ ಮೇಲೆ ಹೊರಜಗತ್ತಿಗೆ ಇದರ ಹೆಸರು ಹಬ್ಬಿತು. ಗಿಡ ಸಂಗ್ರಹಿಸಲು ಬಂದ ಜೋನ್ ಮಾರ್ಗರೆಟ್ ಲೆಗ್ 1939ರಲ್ಲಿ ಇಲ್ಲಿಯೇ ಕಾಲು ಜಾರಿ ಬಿದ್ದು ತೀರಿಕೊಂಡರು. ಕಣಿವೆಯೊಳಗೆ ಅವರ ಸಮಾಧಿಯಿದೆ. ಹೂಗಳನ್ನು ಹುಡುಕಿಕೊಂಡು ಅಷ್ಟು ದೂರದಿಂದ ಬಂದ ಆ ಹೆಣ್ಣುಮಗಳಿಗೆ ಕೈಮುಗಿಯದೆ ನಾನು ಮುಂದೆ ಹೋಗುವುದಿಲ್ಲ.

ಮೊದಲು ಆ ಹಳದಿ ಹೂಗಳ ವಿಷಯ ಮುಗಿಸುತ್ತೇನೆ. ಎತ್ತರದಲ್ಲಿ ಹಿಮ ಕರಗಿ ಮತ್ತೆ ಬೀಳುವುದರೊಳಗೆ ಗಿಡಗಳಿಗೆ ಸಿಗುವುದು ನಾಲ್ಕು ತಿಂಗಳಿಗಿಂತ ಹೆಚ್ಚಲ್ಲ. ಅಷ್ಟರಲ್ಲಿ ಚಿಗುರಿ, ಹೂಬಿಟ್ಟು, ಬೀಜ ಕಟ್ಟಬೇಕು. ಆ ಚಳಿಯಲ್ಲಿ ಪರಾಗ ಹೊರುವವರು ಮುಖ್ಯವಾಗಿ ನೊಣಗಳು ಮತ್ತು ಮೈತುಂಬ ರೋಮವಿರುವ ದೊಡ್ಡ ಬಂಬಲ್ ದುಂಬಿಗಳು. ನೊಣಕ್ಕೆ ಸುಲಭವಾಗಿ ಕೂರಲು ಬರುವಂಥ, ಬಾಯಿ ಅಗಲಿಸಿದ ಹಳದಿ ಅಥವಾ ಬಿಳಿ ಹೂ ಬೇಕು. ದುಂಬಿಗೆ ನೀಲಿ, ನೇರಳೆ ಬಣ್ಣದ ಕೊಳವೆ ಹೂ ಆದೀತು. ಹೀಗಾಗಿ ಒಂದಕ್ಕೊಂದು ನಂಟಿಲ್ಲದ ಗಿಡಗಳೂ ಒಂದೇ ಬಣ್ಣ, ಒಂದೇ ಆಕಾರ ತಾಳಿರುತ್ತವೆ. ಮುಖ ಇರುವುದು ಕೀಟಕ್ಕಾಗಿ. ವಂಶದ ಗುರುತು ಹೂವಿನ ಹಿಂದೆ, ಎಲೆಯಲ್ಲಿ, ತೊಟ್ಟಿನಲ್ಲಿ, ಕಾಯಿಯಲ್ಲಿ ಉಳಿದಿರುತ್ತದೆ.

ಹಳದಿ ಹೂವಿನ ಕೆಳಗೆ ಕನ್ನಡಿ ಹಿಡಿಯಿರಿ. ಐದು ಹಸಿರು ಪುಷ್ಪಪತ್ರಗಳು (ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಎಸಳುಗಳು), ಅವುಗಳ ಸಂದಿಯಲ್ಲಿ ಮತ್ತೆ ಐದು ಕಿರಿದಾದವು, ಒಟ್ಟು ಹತ್ತು ಹಸಿರು ತುದಿಗಳು ಕಂಡರೆ ಅದು ಗುಲಾಬಿ ಕುಟುಂಬದ್ದು: ಪೊಟೆಂಟಿಲ್ಲಾ ಇಲ್ಲವೇ ಜೀಯಂ. ಬರೀ ಐದೇ ಇದ್ದು, ದಳಗಳು ಥಳಥಳ ಹೊಳೆಯುತ್ತಿದ್ದರೆ ರನನ್‌ಕ್ಯುಲಸ್. ಅನುಮಾನವಿದ್ದರೆ ಭೂತಗನ್ನಡಿಯಲ್ಲಿ ದಳದ ಬುಡ ನೋಡಿ, ಮಕರಂದ ಒಸರುವ ಒಂದು ಸಣ್ಣ ಹುರುಪೆ ಇರುತ್ತದೆ. ಹಿಂದೆ ಹಸಿರು ಪುಷ್ಪಪತ್ರವೇ ಇಲ್ಲ, ಹಳದಿಯ ಬೆನ್ನೂ ಹಳದಿಯೇ, ಗಿಡದ ಕಾಲು ಒರತೆಯ ನೀರಿನಲ್ಲಿದೆ, ಎಲೆ ದುಂಡಗೆ ಅಗಲವಾಗಿದೆ ಎಂದಾದರೆ ಕ್ಯಾಲ್ಥಾ. ಅದರಲ್ಲಿ ನಾವು ದಳ ಅಂದುಕೊಳ್ಳುವುದು ಬಣ್ಣ ತಳೆದ ಪುಷ್ಪಪತ್ರವನ್ನೇ. ಟ್ರೋಲಿಯಸ್ ಕೂಡ ಹಾಗೆಯೇ, ಆದರೆ ಅದರ ಎಲೆ ಆಳವಾಗಿ ಸೀಳಿರುತ್ತದೆ.

ಹತ್ತು ತುದಿಗಳಿರುವ ಎರಡನ್ನು ಬೇರ್ಪಡಿಸಲು ಎಲೆ ಸಾಕು. ಜೀಯಂ ಇಲೇಟಂ ಗಿಡದ ಬುಡದ ಎಲೆ ಉದ್ದ, ನಡುದಂಟಿನ ಎರಡೂ ಕಡೆ ಕಿರುಎಲೆಗಳ ಸಾಲು. ಕಣಿವೆಯಲ್ಲಿ ಹೆಚ್ಚಾಗಿ ಕಾಣುವ ಪೊಟೆಂಟಿಲ್ಲಾಕ್ಕೆ ಮೂರೇ ಕಿರುಎಲೆ, ಅಂಚಿನಲ್ಲಿ ಗರಗಸದ ಹಲ್ಲು. ಮೇಲ್ಮೈ ಹಸಿರು. ಕನ್ನಡಿಯನ್ನು ಎಲೆಯ ಕೆಳಗೆ ತೂರಿಸಿದರೆ ಬೆಳ್ಳಿಯ ಬಿಳುಪು. ನವಿರಾದ ರೋಮ ಎಷ್ಟು ಒತ್ತಾಗಿ ಮಲಗಿರುತ್ತದೆಂದರೆ, ನರಗಳು ಮಾತ್ರ ಉಬ್ಬಿ ಕಾಣುತ್ತವೆ, ನಡುವಿನ ಹಸಿರು ಕಾಣುವುದೇ ಇಲ್ಲ. ಮಳೆ ನಿಂತ ಗಳಿಗೆಯಲ್ಲಿ ಗಾಳಿ ಬೀಸಿ ಇಡೀ ಇಳಿಜಾರಿನ ಎಲೆಗಳು ಮಗುಚಿದರೆ ಆ ಬೆಳ್ಳಿಯೇ ದೂರದಿಂದ ಗುರುತು ಹೇಳುತ್ತದೆ.

ಇಲ್ಲೇ ಇನ್ನೊಂದು ವಿಷಯ. ಪೊಟೆಂಟಿಲ್ಲಾ ಅಟ್ರೋಸಾಂಗ್ವಿನಿಯಾ ಎಂಬ ಕಡುಗೆಂಪು ಹೂವಿನ ಗಿಡವೂ ಆ ಕಡೆ ಇದೆ. ಕೆಂಪು ಒಂದು, ಹಳದಿ ಇನ್ನೊಂದು ಎಂದು ಯಾರಿಗಾದರೂ ಅನಿಸುತ್ತದೆ. ಎಲೆ ಮಗುಚಿದರೆ ಎರಡಕ್ಕೂ ಅದೇ ಮೂರು ಕಿರುಎಲೆ, ಅದೇ ಬೆಳ್ಳಿ. ಈಗ ಸಸ್ಯಶಾಸ್ತ್ರಜ್ಞರು ಹಳದಿಯನ್ನು ಆ ಕೆಂಪಿನದೇ ಒಂದು ಬಗೆ ಎಂದು ಪರಿಗಣಿಸುತ್ತಾರೆ. ಆದರೆ ಕೆಳಗಿನ ಎತ್ತರಗಳಲ್ಲಿ ಸಿಗುವ ಪೊಟೆಂಟಿಲ್ಲಾ ನೇಪಾಲೆನ್ಸಿಸ್, ಅದೂ ಕೆಂಪು ಹೂವಿನದೇ, ನಿಜವಾಗಿ ಬೇರೆ ಪ್ರಭೇದ. ಅದರ ಬುಡದ ಎಲೆಗೆ ಐದು ಕಿರುಎಲೆ, ಅಡಿಭಾಗವೂ ಹಸಿರು. ಒಂದೇ ಬಣ್ಣದವು ಬೇರೆಯಾಗಿ, ಬೇರೆ ಬಣ್ಣದವು ಒಂದಾಗುವ ಇಂಥ ಕಡೆ ಬಣ್ಣವನ್ನು ನೆಚ್ಚಿ ಕೂತರೆ ದಾರಿ ತಪ್ಪುವುದು ಖಂಡಿತ.

ಮೊರೀನಾ ಲಾಂಗಿಫೋಲಿಯಾ ಇದಕ್ಕೆ ಇನ್ನೂ ಚೆಂದದ ಸಾಕ್ಷಿ. ಮುಳ್ಳೆಲೆಯ ನೆಟ್ಟನೆಯ ಗಿಡ, ಸುತ್ತುಸುತ್ತಾಗಿ ಹೂ. ಬಿರಿದಾಗ ಬಿಳಿ, ಪರಾಗಸ್ಪರ್ಶದ ನಂತರ ಗುಲಾಬಿ, ಆಮೇಲೆ ಇನ್ನೂ ಗಾಢ. ಒಂದೇ ಕಾಂಡದಲ್ಲಿ ಮೂರೂ ಬಣ್ಣ. ಅನಿಮೋನ್ ಒಬ್ಟುಸಿಲೋಬಾ ಒಂದು ಕಡೆ ಬಿಳಿ, ನಾಲ್ಕು ಮಾರು ಆಚೆ ನೀಲಿ. ಅದರ ಪಕ್ಕದಲ್ಲೇ ಬೆಳೆಯುವ ಅನಿಮೋನ್ ರಿವುಲಾರಿಸ್ ಬಿಳಿಯೇ, ಆದರೆ ಕವಲೊಡೆದ ಎತ್ತರದ ಕಾಂಡ, ಹೂವಿನ ಬೆನ್ನಿಗೆ ನೀಲಿ ಛಾಯೆ, ನಡುವೆ ಕಪ್ಪುನೀಲಿ ಪರಾಗಕೋಶಗಳು. ಒಮ್ಮೆ ನೋಡಿಕೊಂಡರೆ ಮತ್ತೆ ಮರೆಯುವುದಿಲ್ಲ.

ಈಗ ನನಗೆ ಅತಿ ಮುಖ್ಯ ಅನಿಸುವ ಜೋಡಿಗೆ ಬರುತ್ತೇನೆ. ಘಾಂಘರಿಯಾದಿಂದ ಮೇಲೇರುವ ಹೇಮಕುಂಡದ ದಾರಿಯಲ್ಲೂ ಕಣಿವೆಯ ಅಂಚಿನಲ್ಲೂ ನೀಲಿ ನೇರಳೆಯ ಗೊಂಚಲು ಹೊತ್ತ ಎರಡು ಬಗೆಯ ಗಿಡಗಳು ಸಿಗುತ್ತವೆ. ಎರಡರ ಎಲೆಯೂ ಸೀಳು ಸೀಳು, ಎರಡೂ ಒಂದೇ ಕುಟುಂಬದವು. ಒಂದು ಡೆಲ್ಫಿನಿಯಂ, ಇನ್ನೊಂದು ಅಕೋನಿಟಂ. ಇಲ್ಲಿ ಹೂವನ್ನು ಪಕ್ಕದಿಂದ ನೋಡಬೇಕು. ಡೆಲ್ಫಿನಿಯಂ ಹೂವಿನ ಹಿಂದೆ ಉದ್ದನೆಯ ಬಾಲ ಚಾಚಿಕೊಂಡಿರುತ್ತದೆ. ಅಕೋನಿಟಂನಲ್ಲಿ ಬಾಲವಿಲ್ಲ. ಮೇಲಿನ ಪುಷ್ಪಪತ್ರ ಉಬ್ಬಿ, ಮುಂದಕ್ಕೆ ಬಾಗಿ, ನಮ್ಮ ಕಡೆ ನಟ್ಟಿಯ ಹೆಂಗಸರು ತಲೆಯ ಮೇಲೆ ಹೊದೆಯುವ ಕಂಬಳಿ ಕೊಪ್ಪೆಯ ಹಾಗೆ ಕೆಳಗಿನ ಕೇಸರಗಳನ್ನು ಮುಚ್ಚಿಕೊಂಡಿರುತ್ತದೆ. ಕೊಪ್ಪೆಯೊಳಗೆ ಮಕರಂದದ ಎರಡು ಪುಟ್ಟ ದಳಗಳು ಅಡಗಿರುತ್ತವೆ. ಬಂಬಲ್ ದುಂಬಿ ಕೆಳಗಿನಿಂದ ತಲೆ ತೂರಿಸಿ, ಮೈಯನ್ನೆಲ್ಲ ಒಳಗೆಳೆದುಕೊಂಡು ಅಲ್ಲಿಗೆ ಹೋಗುತ್ತದೆ. ಎರಡು ನಿಮಿಷ ಕಾದು ಕುಳಿತರೆ ನೋಡಲು ಸಿಗುತ್ತದೆ.

ಮುಖ್ಯ ಅಂದದ್ದು ಯಾಕೆಂದರೆ, ಅಕೋನಿಟಂ ವಿಷದ ಕುಲ. ಅಕೋನಿಟೈನ್ ಎಂಬ ವಿಷ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅದೇ ಕುಲದಲ್ಲಿ ನಮ್ಮ ಗ್ರಂಥಿಗೆ ಅಂಗಡಿಯ ಅತಿವಿಷವೂ ಇದೆ, ವತ್ಸನಾಭವೂ ಇದೆ. ಅತಿವಿಷದ ಬೇರನ್ನು ನಮ್ಮ ಅಜ್ಜಿ ಸಾಣೆಕಲ್ಲಿನ ಮೇಲೆ ಒಂದು ಸುತ್ತು ತೇಯ್ದು, ಬಜೆ, ಜಾಯಿಕಾಯಿ ಜೊತೆ ಸೇರಿಸಿ ಕೂಸುಗಳಿಗೆ ನೆಕ್ಕಿಸುತ್ತಿದ್ದರು. ಆ ಬೇರು ಬರುವುದು ಅಕೋನಿಟಂ ಹೆಟಿರೋಫಿಲ್ಲಂ ಗಿಡದಿಂದ, ಗಢವಾಲಿಗಳ ಬಾಯಲ್ಲಿ ಅದು ಅತೀಸ್. ವತ್ಸನಾಭ ಶುದ್ಧಿ ಮಾಡದೆ ಬಾಯಿಗೆ ಹೋದರೆ ಜೀವ ತೆಗೆಯುತ್ತದೆ. ಕೊಪ್ಪೆಯ ಹೂ ಕಂಡಿತೆಂದು ಎಲ್ಲವೂ ಅತಿವಿಷವಲ್ಲ. ಅತೀಸಿನ ಹೂ ಹಸಿರು ಬೆರೆತ ಮಾಸಲು ನೀಲಿ, ಅದರ ಮೇಲೆ ನೇರಳೆ ಗೆರೆಗಳು ಎದ್ದು ಕಾಣುತ್ತವೆ. ಕೆಳಗಿನ ಎಲೆಗೆ ಉದ್ದ ತೊಟ್ಟಿದೆ, ಮೇಲಿನ ಎಲೆಗೆ ತೊಟ್ಟೇ ಇಲ್ಲ, ಬುಡದಿಂದ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಒಂದೇ ಗಿಡದಲ್ಲಿ ಈ ಎರಡು ಬಗೆಯ ಎಲೆ ನೋಡಿಕೊಳ್ಳಿ.

ನಮ್ಮ ಜೊತೆಗಿದ್ದ ಭ್ಯೂಂಡಾರ್ ಹಳ್ಳಿಯ ಹುಡುಗ ಅತೀಸನ್ನು ತೋರಿಸುವಾಗ ದನಿ ತಗ್ಗಿಸಿದ. "ಮಾತಾಜಿ, ಇದು ಎಲ್ಲಿದೆ ಅಂತ ಯಾರಿಗೂ ಹೇಳಬೇಡಿ" ಎಂದ. ಬೇರಿಗಾಗಿ ಅಗೆದೂ ಅಗೆದೂ ಈ ಗಿಡ ಹಿಮಾಲಯದಲ್ಲಿ ಅಳಿವಿನ ಅಂಚಿಗೆ ಬಂದಿದೆ. ಅವನ ಮಾತಿಗೆ ಕಟ್ಟುಬಿದ್ದು ಜಾಗ ಬರೆಯುವುದಿಲ್ಲ. ಫೋಟೋ ಹಾಕುವವರು ಲೊಕೇಶನ್ ತೆಗೆದು ಹಾಕಿ ಎಂದು ನನ್ನದೂ ಕೋರಿಕೆ. ಸಲಾಂಪಂಜಾ ಎನ್ನುವ ಡ್ಯಾಕ್ಟಿಲೊರೈಜಾ ಹಟಗಿರಿಯಾ ಆರ್ಕಿಡ್ಡಿಗೂ ಗೆಡ್ಡೆಯ ಕಾರಣದಿಂದ ಇದೇ ಗತಿ ಬಂದಿದೆ.

ಜೆರೇನಿಯಂಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೆರೇನಿಯಂ ವಾಲಿಕಿಯಾನಂ ನೆಲದ ಮೇಲೆ ಹರಡುತ್ತದೆ, ಹೂವಿನ ನಡುವೆ ಬಿಳಿಚು. ಎಲೆತೊಟ್ಟು ಕಾಂಡಕ್ಕೆ ಸೇರುವಲ್ಲಿ ಅಗಲವಾದ, ಒಂದಕ್ಕೊಂದು ಅಂಟಿಕೊಂಡ ಪುಟ್ಟ ಎಲೆಗಳಿವೆ, ಅದೇ ಖಚಿತ ಗುರುತು. ನೆಟ್ಟಗೆ ನಿಲ್ಲುವ ಜೆರೇನಿಯಂ ಪ್ರಾಟೆನ್ಸ್‌ಗೆ ಆ ಜಾಗದಲ್ಲಿ ಸಪೂರ ಎಲೆಗಳು ಮಾತ್ರ.

ಆಗಸ್ಟಿನಲ್ಲಿ ಕಣಿವೆಯ ಬಾಯಲ್ಲಿ ನಿಂತರೆ ಎಲ್ಲೆಲ್ಲೂ ಗುಲಾಬಿ. ದೂರದಿಂದ ಒಂದೇ ಹೂವಿನ ಹಾಸು ಎನಿಸುತ್ತದೆ. ಹತ್ತಿರ ಹೋದರೆ ಎರಡು ಕುಟುಂಬಗಳು ಬೇರೆಯಾಗುತ್ತವೆ. ನಾಲ್ಕು ದಳ, ಹೂವಿನ ಕೆಳಗೆ ಉದ್ದನೆಯ ಕೆಂಪು ತೊಟ್ಟು, ತೊಟ್ಟೆಂದು ಕಾಣುವುದು ಅಂಡಾಶಯವೇ, ಇದಾದರೆ ಎಪಿಲೋಬಿಯಂ. ನದಿಯ ಜಲ್ಲಿಯ ಮೇಲೆ ಗಿಡ್ಡವಾಗಿ, ಅಗಲ ಎಲೆ ಮತ್ತು ದೊಡ್ಡ ಹೂಗಳೊಡನೆ ಹರಡಿದ್ದು ಲ್ಯಾಟಿಫೋಲಿಯಂ. ಇಳಿಜಾರಿನಲ್ಲಿ ಎದೆಯೆತ್ತರಕ್ಕೆ ನೆಟ್ಟಗೆ ನಿಂತದ್ದು ಅಂಗುಸ್ಟಿಫೋಲಿಯಂ. ಹೂವಿಗೆ ಚೀಲವೂ ಬಾಲವೂ ಇದ್ದರೆ ಅದು ನಮ್ಮ ಕರ್ಣಕುಂಡಲದ ಬಳಗ, ಇಂಪೇಷಿಯೆನ್ಸ್. ಕೊಡಚಾದ್ರಿಯ ತೊಯ್ದ ಬಂಡೆಗಳ ಮೇಲೆ ಗೇಣುದ್ದದ ಕರ್ಣಕುಂಡಲ ನೋಡಿ ಬೆಳೆದ ನನಗೆ ಅಲ್ಲಿ ತಲೆಗಿಂತ ಎತ್ತರದ ಇಂಪೇಷಿಯೆನ್ಸ್ ಸಲ್ಕೇಟಾದ ನಡುವೆ ನಡೆಯುವುದೇ ಒಂದು ಹಬ್ಬ. ಘಟ್ಟದ ಹತ್ತಾರು ಪ್ರಭೇದಗಳ ಪರಿಚಯ ಇದ್ದವರಿಗೆ ಅಲ್ಲಿ ಅಪರಿಚಿತರ ನಡುವೆ ನೆಂಟರು ಸಿಕ್ಕ ಸಂತೋಷವಾಗುತ್ತದೆ.

ಈ ಸಲ್ಕೇಟಾವನ್ನು ಇಂಪೇಷಿಯೆನ್ಸ್ ಗ್ಲಾಂಡುಲಿಫೆರಾದಿಂದ ಬೇರ್ಪಡಿಸುವುದು ಹೂವಿನಿಂದ ಕಷ್ಟ. ಎರಡೂ ಎತ್ತರ, ಎರಡೂ ಗುಲಾಬಿ ನೇರಳೆ. ಕಾಯಿ ನೋಡಿ. ಸಲ್ಕೇಟಾದ್ದು ಸಪೂರ, ಉದ್ದ, ನೆಟ್ಟಗೆ ನಿಲ್ಲುತ್ತದೆ. ಗ್ಲಾಂಡುಲಿಫೆರಾದ್ದು ಗಿಡ್ಡ, ತುದಿಯ ಕಡೆ ದಪ್ಪ, ಜೋತುಬಿದ್ದಿರುತ್ತದೆ. ಅದರ ಎಲೆತೊಟ್ಟಿನಲ್ಲಿ ಪುಟ್ಟ ಕಡ್ಡಿಯಂಥ ಗ್ರಂಥಿಗಳೂ ಇರುತ್ತವೆ. 1839ರಲ್ಲಿ ಬ್ರಿಟನ್ನಿಗೆ ತೋಟದ ಹೂವೆಂದು ಹೋದದ್ದು ಈ ಗ್ಲಾಂಡುಲಿಫೆರಾವೇ. ಅಲ್ಲಿ ಹೊಳೆಯಂಚನ್ನೆಲ್ಲ ಆವರಿಸಿ ಈಗ ಕಳೆಯಾಗಿ ಕಿತ್ತುಹಾಕಿಸಿಕೊಳ್ಳುತ್ತಿದೆ. ತನ್ನ ಬೆಟ್ಟದಲ್ಲಿ ಅದು ಎಲ್ಲರ ನಡುವೆ ಒಂದಾಗಿ ಬದುಕುತ್ತದೆ.

ಹೂಕಣಿವೆಯೊಳಗೂ ಕಿತ್ತುಹಾಕುವ ಕೆಲಸ ನಡೆಯುತ್ತದೆ. ಸ್ಥಳೀಯರು ಅಮೇಲಾ ಎನ್ನುವ, ಬಿಳಿಯ ಸಣ್ಣ ಹೂಗಳ ಗೊಂಚಲು ಬಿಡುವ ಎತ್ತರದ ಗಿಡ ಅಲ್ಲಿನದೇ ಆದರೂ, ಮಿತಿಮೀರಿ ಹಬ್ಬಿ ಚಿಕ್ಕ ಹೂಗಿಡಗಳಿಗೆ ಬೆಳಕು ಬಿಡುವುದಿಲ್ಲ. ಉದ್ಯಾನವಾದ ಮೇಲೆ ಕುರಿ ಮೇಯಿಸುವುದು ನಿಂತದ್ದರಿಂದ ಹೀಗಾಯಿತೇ ಎಂಬ ಚರ್ಚೆ ಹಳೆಯದು. ಅರಣ್ಯ ಇಲಾಖೆ ಆಳುಗಳನ್ನಿಟ್ಟು ತೆಗೆಸುತ್ತದೆ. ಆ ಕೆಲಸ ಬೇಕೇಬೇಕು ಎಂಬುದು ನನ್ನ ಅಭಿಪ್ರಾಯ. ಅಮೇಲಾದ ನೆರಳಿನಲ್ಲಿ ಪೊಟೆಂಟಿಲ್ಲಾವೂ ಇಲ್ಲ, ಅನಿಮೋನೂ ಇಲ್ಲ, ಬರೀ ಕೆಸರು ನೆಲ.

ಬ್ರಹ್ಮಕಮಲದ ಬಗ್ಗೆ ಬರೆಯದಿದ್ದರೆ ನಮ್ಮ ಊರಿನವರು ಬಿಡುವುದಿಲ್ಲ. ಹೇಮಕುಂಡದ ಏರಿನಲ್ಲಿ, ಉಸಿರು ಸಿಗದೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ಎತ್ತರದಲ್ಲಿ, ಬಂಡೆಗಳ ಸಂದಿಯಲ್ಲಿ ಅದು ಕಂಡಾಗ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮ, ಹಾಗಾದ್ರೆ ನಮ್ಮ ಬಾಲ್ಕನಿಯಲ್ಲಿ ಇರೋದು ಏನು?" ನಮ್ಮ ಮನೆಗಳಲ್ಲಿ ರಾತ್ರಿ ಅರಳಿ, ಅಕ್ಕಪಕ್ಕದವರನ್ನೆಲ್ಲ ಎಬ್ಬಿಸಿ, ಆರತಿ ಎತ್ತಿಸಿಕೊಂಡು, ಬೆಳಗಿನೊಳಗೆ ಬಾಡುವ ಬಿಳಿ ಹೂ ಎಪಿಫಿಲ್ಲಂ. ಅದು ಮೆಕ್ಸಿಕೋ ಕಡೆಯ ಕಳ್ಳಿ. ಎಲೆಯೆಂದು ನಾವು ನೆಡುವುದು ಚಪ್ಪಟೆಯಾದ ಕಾಂಡವನ್ನು. ಅದರ ಸೊಬಗಿಗೇನೂ ಕೊರತೆಯಿಲ್ಲ, ನಮ್ಮ ಅಂಗಳದಲ್ಲೂ ಇದೆ. ಉತ್ತರಾಖಂಡದ ರಾಜ್ಯಪುಷ್ಪವಾದ ಸಾಸ್ಯೂರಿಯಾ ಒಬ್ವಲ್ಲಾಟಾ ಸೂರ್ಯಕಾಂತಿಯ ಕುಟುಂಬದ್ದು. ಹೊರಗೆ ಕಾಣುವ ತಿಳಿಹಳದಿಯ, ಬೆಳಕು ಹಾಯುವಷ್ಟು ತೆಳುವಾದ ದೊಡ್ಡ ಎಸಳುಗಳು ದಳಗಳಲ್ಲ, ಹೂವನ್ನು ಮಳೆ ಚಳಿಯಿಂದ ಕಾಯುವ ಎಲೆಗಳು. ಅವನ್ನು ಬಿಡಿಸಿ ನೋಡಬೇಡಿ, ಮೇಲಿನ ಸಂದಿಯಿಂದ ಇಣುಕಿದರೆ ಒಳಗೆ ಕಡುನೇರಳೆಯ ಪುಟ್ಟ ಹೂಗಳ ಗುಂಪು ಕಾಣುತ್ತದೆ. ಅವೇ ನಿಜವಾದ ಹೂ. ಇನ್ನೂ ಮೇಲಿನ ಎತ್ತರದಲ್ಲಿ ಅದರ ದಾಯಾದಿ ಫೇನ್‌ಕಮಲ, ಸಾಸ್ಯೂರಿಯಾ ಗಾಸಿಪಿಫೋರಾ. ಅದಕ್ಕೆ ಎಲೆಯ ಕೋಟೆಯಿಲ್ಲ, ಮೈಯೆಲ್ಲ ಬಿಳಿ ಉಣ್ಣೆ. ಚಳಿಯ ವಿರುದ್ಧ ಒಂದೇ ಕುಲ ಕಂಡುಕೊಂಡ ಎರಡು ಉಪಾಯ.

ಕೊನೆಯದಾಗಿ ನೀಲಿ ಕೊಳವೆ ಹೂಗಳು. ಸಯನಾಂತಸ್ ಲೋಬೇಟಸ್ ಕಂಡವರೆಲ್ಲ ಜೆನ್ಷಿಯನ್ ಎನ್ನುತ್ತಾರೆ. ಭೂತಗನ್ನಡಿ ಹಿಡಿದು ಎರಡು ದಳಗಳ ನಡುವಿನ ಸಂದಿ ನೋಡಿ. ಜೆನ್ಷಿಯಾನಾದಲ್ಲಿ ಅಲ್ಲಿ ಸೀರೆಯ ನೆರಿಗೆಯಷ್ಟು ಸ್ಪಷ್ಟವಾಗಿ ಮಡಿಕೆಯಿದ್ದು, ಅದರ ತುದಿ ಕಿರುದಳವಾಗಿ ಚಾಚಿರುತ್ತದೆ. ಸಯನಾಂತಸ್‌ನಲ್ಲಿ ಮಡಿಕೆಯೇ ಇಲ್ಲ. ಅದರ ಗಂಟಲಿನಲ್ಲಿ ಬಿಳಿ ರೋಮ, ಹೊರಗೆ ಪುಷ್ಪಪತ್ರಗಳು ಕೂಡಿ ಆದ ಬಟ್ಟಲಿನ ಮೇಲೆ ಕಪ್ಪು ಛಾಯೆಯ ಒರಟು ರೋಮ. ಆ ಕಪ್ಪು ರೋಮವೂ ಹೂವಿನ ಬೆನ್ನಿನಲ್ಲೇ ಇರುವುದರಿಂದ ಮೇಲಿನಿಂದ ತೆಗೆದ ಫೋಟೋದಲ್ಲಿ ಬರುವುದಿಲ್ಲ.

ಹಾಗಾಗಿ ನನಗೆ ಕಳಿಸುವವರು ಹೂವಿನ ಮುಖದ್ದೊಂದು, ಬೆನ್ನಿನದ್ದೊಂದು, ಪಕ್ಕದಿಂದ ಒಂದು, ಬುಡದ ಎಲೆಯದ್ದೊಂದು, ಸಾಧ್ಯವಾದರೆ ಎಲೆಯ ಅಡಿಭಾಗ ಮತ್ತು ಕಾಯಿಯದ್ದು ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ನಿಮ್ಮ ಬೆರಳಿರಲಿ. ಕಾಲುದಾರಿ ಬಿಟ್ಟು ಇಳಿಯಬೇಡಿ, ಕೈಗೆಟುಕುವಷ್ಟು ಹೂ ದಾರಿಯಂಚಿನಲ್ಲೇ ಇವೆ. ಅನಿಮೋನ್, ಪ್ರೈಮುಲಾ ಬೇಕಾದವರು ಜೂನ್ ಕೊನೆಗೆ ಹೋಗಿ. ಪೊಟೆಂಟಿಲ್ಲಾ, ಜೆರೇನಿಯಂ, ಕರ್ಣಕುಂಡಲಕ್ಕೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅತೀಸ್, ಸಯನಾಂತಸ್, ಬ್ರಹ್ಮಕಮಲಕ್ಕೆ ಆಗಸ್ಟ್ ಕೊನೆ ಒಳ್ಳೆಯದು, ಆಗ ಕರ್ಣಕುಂಡಲದ ಕಾಯಿಗಳೂ ಬಲಿತು ಸಲ್ಕೇಟಾ ಯಾವುದು, ಗ್ಲಾಂಡುಲಿಫೆರಾ ಯಾವುದು ಎಂದು ನೀವೇ ಹೇಳಬಹುದು.